ನಾಲ್ಕೂ ಎಡಗಾಲಿನ ಪ್ರಾಣಿ

ಅವಳ ಬಗ್ಗೆ ಶಾಲೆಯ ಹಿಂದಿನ ಬೀದಿಯವರು ಆಡಿದ ಮಾತನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದ್ದರೆ, ಅದನ್ನೂ ಅವಳೇ ಗುಡಿಸಿ ಬೆಂಕಿ ಹಚ್ಚುತ್ತಿದ್ದಳು. "ಅವಳ ಅಂಗಳಕ್ಕೆ ಬರೋ ಮುಂಚೆ ಇರುವೆ ಕೂಡ ಕಾಲು ಒರೆಸ್ಕೊಳ್ಳುತ್ತೆ ಕಣ್ರೀ," ಎನ್ನುತ್ತಿದ್ದಳು ಗೋಡೆಯಾಚೆಯ ದರ್ಜಿ ಅಕ್ಕ. "ಮರಕ್ಕೂ ಅವಳನ್ನ ಕಂಡ್ರೆ ಹೆದರಿಕೆ. ಅವಳು ಬೆನ್ನು ತಿರುಗಿಸೋವರೆಗೂ ಎಲೆ ಬಿಗಿ ಹಿಡ್ಕೊಂಡಿರುತ್ತೆ," ಎನ್ನುತ್ತಿದ್ದ ಎದುರಿನ ಸೈಕಲ್ ರಿಪೇರಿಯವನು. "ನಮ್ಮ ಹುಡುಗಿ ತಲೆ ನಾನು ಬಾಚೋದಕ್ಕಿಂತ ಚೆನ್ನಾಗಿ ಅವಳು ನೆಲ ಬಾಚ್ತಾಳೆ," ಎಂದು ಯಾವಳೋ ತಾಯಿ ಒಮ್ಮೆ ಅಂದದ್ದೇ ನೆಪವಾಗಿ, ಶಾಲೆಯ ಮಕ್ಕಳ ಬಾಯಲ್ಲಿ ಅವಳು ಬಾಚಣಿಗೆ ಅಜ್ಜಿಯಾದಳು. ಎದುರಿಗೆ ಬರೀ ಅಜ್ಜಿ. ಬೆನ್ನ ಹಿಂದೆ ಬಾಚಣಿಗೆ.

ಮೂವತ್ತೊಂದು ವರ್ಷ ಅವಳು ಆ ಶಾಲೆಯ ನೆಲ ಗುಡಿಸಿದಳು. ಹಿತ್ತಿಲಿನ ಮೂಲೆಯಲ್ಲಿ ಶಾಲೆಯವರು ಕೊಟ್ಟ ಒಂದು ಕೋಣೆ. ಒಂದು ಸ್ಟೌ, ಒಂದು ಕಬ್ಬಿಣದ ಟ್ರಂಕು, ಒಂದು ಚಾಪೆ. ಗೋಡೆಯಲ್ಲಿ ಎರಡು ಮೊಳೆ: ಕೆಳಗಿನದಕ್ಕೆ ಕ್ಯಾಲೆಂಡರು, ಮೇಲಿನದಕ್ಕೆ ಕಡ್ಡಿಪೊರಕೆ. ಗಂಡ ಎನ್ನುವವನು ಮದುವೆಯಾದ ಮೂರನೇ ವರ್ಷಕ್ಕೆ ಕೆಲಸ ಹುಡುಕಿಕೊಂಡು ಹೋದವನು. "ಇನ್ನೂ ಹುಡುಕ್ತಾ ಇದಾನೆ ಪಾಪ, ಸಿಕ್ಕಿದ್ಮೇಲೆ ಬರ್ತಾನೆ," ಎಂದು ಅಜ್ಜಿ ಕೇಳಿದವರಿಗೆ ಹೇಳುತ್ತಿದ್ದಳು. ಹೇಳಿ, ಕೇಳಿದವರು ನಗಬೇಕೋ ಬೇಡವೋ ಎಂದು ಒದ್ದಾಡುವುದನ್ನು ನೋಡುತ್ತಿದ್ದಳು.

ಅವಳು ಗುಡಿಸುವ ರೀತಿಯೇ ಬೇರೆ. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಹಿತ್ತಿಲಿನ ಗೇಟಿನಿಂದ ಶುರು ಮಾಡಿ, ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತ, ಎಡಕ್ಕೊಂದು ಬಲಕ್ಕೊಂದು ಅರ್ಧಚಂದ್ರ ಎಳೆಯುತ್ತ ಬಂದು ತನ್ನ ಬಾಗಿಲಲ್ಲಿ ನಿಲ್ಲುತ್ತಿದ್ದಳು. ತನ್ನ ಹೆಜ್ಜೆಯನ್ನು ತಾನೇ ಅಳಿಸಿಕೊಂಡು ಬರುವ ಪರಿ ಅದು. ಮುಗಿದಾಗ ಆ ಮಣ್ಣಿನ ಹಿತ್ತಿಲು ಮೀನಿನ ಮೈಯಂತೆ ಗೆರೆ ಗೆರೆಯಾಗಿ ಹೊಳೆಯುತ್ತಿತ್ತು. ಬೆಳಿಗ್ಗೆ ಎದ್ದು, ಟೀ ಲೋಟ ಕೈಯಲ್ಲಿ ಹಿಡಿದು, ಬೇರೆಯವರು ಪೇಪರ್ ಓದುವಂತೆ ಅವಳು ನೆಲ ಓದುತ್ತಿದ್ದಳು. ಯಾರು ಬಂದರು, ಯಾರು ಹೋದರು, ಯಾರು ಯಾರನ್ನು ಅಟ್ಟಿಸಿಕೊಂಡು ಹೋದರು. ಓದಿ ಮುಗಿಸಿ, ಲೋಟ ತೊಳೆದಿಟ್ಟು, ಎಲ್ಲವನ್ನೂ ಗುಡಿಸಿ ಹಾಕುತ್ತಿದ್ದಳು.

ಹೀಗೆ ಓದಿ ಓದಿ ಅವಳಿಗೆ ಗೊತ್ತಿದ್ದ ಸಂಗತಿಗಳಲ್ಲಿ ಹೆಡ್‌ಮಾಸ್ತರದೂ ಒಂದು. ಅವರಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಹೆಂಡತಿಯ ಕಾವಲು, ಶಾಲೆಯಲ್ಲಿ ಅದೇ ಹೆಂಡತಿಯ ತಂಗಿ ಗಣಿತದ ಟೀಚರ್. ಆದ್ದರಿಂದ ದಿನಾ ಸಂಜೆ ಅವರು ಹಿತ್ತಿಲಿನ ನೀರಿನ ತೊಟ್ಟಿಯ ಹಿಂದೆ ಹೋಗಿ ಕ್ರೀಮ್ ಬಿಸ್ಕತ್ತು ತಿನ್ನುತ್ತಿದ್ದರು. ಬೆಳಿಗ್ಗೆ ಅಲ್ಲಿ ಎರಡು ಶೂ ಗುರುತು, ಅದರ ಮುಂದೆ ಇರುವೆಗಳ ಮೆರವಣಿಗೆ. ಏಳು ವರ್ಷದಿಂದ ಅಜ್ಜಿ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಬೆಲ್ ಹೊಡೆಯುವಾಗ ಒಮ್ಮೊಮ್ಮೆ, "ಸಾರ್, ಮೀಸೆ ಮೇಲೆ ಏನೋ ಇದೆ," ಎನ್ನುತ್ತಿದ್ದಳು ಅಷ್ಟೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಮೀಸೆ ಮುಟ್ಟಿಕೊಳ್ಳುತ್ತಿದ್ದರು.

ಎಲ್ಲ ಸರಿಯಾಗಿಯೇ ಇತ್ತು, ಒಂಬತ್ತನೇ ತರಗತಿಗೆ ಬುದ್ಧಿ ಬರುವವರೆಗೆ.

ಆ ವರ್ಷ ವಿಜ್ಞಾನದ ಮೇಷ್ಟ್ರು ಮಕ್ಕಳಿಗೆ ಹೇಳಿದ್ದರು: ಭೂಮಿ ಬಿಸಿಯಾಗ್ತಿದೆ, ಜೀವಿಗಳು ಕಮ್ಮಿಯಾಗ್ತಿವೆ ಅಂತ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದು ಸಾಕು, ಈ ಸಲ ಕೈಯಿಂದ ಏನಾದರೂ ಮಾಡಿ. ಮಾರನೇ ದಿನ ಸಂಜೆ ಅಜ್ಜಿ ಎಂದಿನಂತೆ ಎಲೆ ಗುಡ್ಡೆಗೆ ಬೆಂಕಿ ಹಚ್ಚಲು ಬಂದರೆ, ಗುಡ್ಡೆಯ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ದಪ್ಪ ಕನ್ನಡಕ, ಎರಡು ಜಡೆ. ಬಾಯಿ ತೆರೆದರೆ ಪ್ರಶ್ನೆಯೇ ಬರುತ್ತದೆಂದು ಎಲ್ಲರೂ ಅವಳನ್ನು ಪ್ರಶ್ನೆ ಎಂದೇ ಕರೆಯುತ್ತಿದ್ದರು. ಪಕ್ಕದಲ್ಲಿ ಕೊಕ್ಕರೆ ಎಂಬ ಅಡ್ಡಹೆಸರಿನ ಉದ್ದಕಾಲಿನ ಹುಡುಗ.

"ಎದ್ದೇಳೇ, ಬೆಂಕಿ ಹಚ್ಬೇಕು."

"ಎಲೆ ಸುಡಬಾರದು ಅಜ್ಜಿ."

"ಮತ್ತೇನು, ಒಗ್ಗರಣೆ ಹಾಕಿ ತಿನ್ಲಾ?"

"ಸುಟ್ರೆ ಹೊಗೆ ಮೇಲೆ ಹೋಗಿ ಗಾಳಿ ಬಿಸಿಯಾಗುತ್ತೆ. ಬಿಟ್ರೆ ಕೊಳೆತು ಗೊಬ್ಬರ ಆಗುತ್ತೆ, ಹುಳ ಬರುತ್ತೆ, ಹುಳ ತಿನ್ನೋಕೆ ಹಕ್ಕಿ ಬರುತ್ತೆ."

"ಹುಳ ಬರಲಿ ಅಂತಾನಾ ನನಗೆ ಸಂಬಳ ಕೊಡೋದು?" ಎಂದಳು ಅಜ್ಜಿ. "ನೋಡು ಮಗಾ, ನಿನ್ನ ಬಸ್ಸು ಐದು ಗಂಟೆಗೆ. ನನ್ನ ಬೆಂಕಿಪೊಟ್ಟಣಕ್ಕೆ ಯಾವ ಬಸ್ಸೂ ಇಲ್ಲ."

ಹುಡುಗಿ ಐದಕ್ಕೆ ಹೋದಳು. ಐದೂ ಐದಕ್ಕೆ ಹೊಗೆ ಎದ್ದಿತು. ಗೋಡೆಯಾಚೆ ದರ್ಜಿ ಅಕ್ಕ ಎಂದಿನಂತೆ ಬೈದುಕೊಂಡು ತಂತಿಯ ಮೇಲಿನ ಬಟ್ಟೆ ಎಳೆದುಕೊಂಡಳು.

ಹೀಗೆ ಹನ್ನೊಂದು ದಿನ ನಡೆಯಿತು. ಹನ್ನೆರಡನೇ ದಿನ ಅಜ್ಜಿ ಬಂದು ನೋಡಿದರೆ ಗುಡ್ಡೆಯೇ ಒದ್ದೆ. ಮಕ್ಕಳು ಊಟದ ಬಿಡುವಿನಲ್ಲಿ ತಮ್ಮ ತಟ್ಟೆ ಬಾಟಲಿ ತೊಳೆದ ನೀರನ್ನೆಲ್ಲ ತಂದು ಅದರ ಮೇಲೆ ಹುಯ್ದಿದ್ದರು. ಅಜ್ಜಿ ಏಳು ಕಡ್ಡಿ ಗೀರಿದಳು. ಏಳೂ ಚುಸ್ ಎಂದವು. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು, ಮೊದಲು ಬೈದು, ಆಮೇಲೆ ನಕ್ಕಳು. ತನ್ನನ್ನು ಮಂಗ ಮಾಡುವವರು ಬಹಳ ದಿನದಿಂದ ಯಾರೂ ಸಿಕ್ಕಿರಲಿಲ್ಲ.

"ಒಂದು ಮೂಲೆ ಕೊಡ್ತೀನಿ," ಎಂದಳು ಮರುದಿನ. "ತೊಟ್ಟಿ ಹಿಂದೆ. ನನ್ನ ಬಾಗಿಲಿಗೆ ಕಾಣಬಾರದು. ಒಂದು ಎಲೆ ಈಚೆ ಬಂದ್ರೂ ಹಚ್ಚಿಬಿಡ್ತೀನಿ." ತೊಟ್ಟಿಯ ಹಿಂದೆ ಇನ್ನು ಯಾರ ಓಡಾಟಕ್ಕೆ ತೊಂದರೆಯಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅದಕ್ಕೇ ಆ ಮೂಲೆ ಕೊಟ್ಟಳೋ ಏನೋ. ಉಳಿದ ಎಲೆಗೆಂದು ಮಕ್ಕಳು ಗೇಟಿನ ಪಕ್ಕ ಒಂದು ಗೊಬ್ಬರದ ಗುಂಡಿ ತೋಡಿದರು. ಆದರೂ ಒಣಗಿದ್ದೇನಾದರೂ ಕೈಗೆ ಸಿಕ್ಕರೆ ಅಜ್ಜಿ ಕದ್ದು ಸುಡುತ್ತಿದ್ದಳು. ಚಟ ಎಂದರೆ ಚಟ.

ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು ಬಂದರು. ಹಿಂದಿನ ವರ್ಷ ಮುಂದಿನ ಅಂಗಳಕ್ಕೆಲ್ಲ ಸಿಮೆಂಟ್ ಟೈಲ್ಸ್ ಹಾಕಿಸಿದವರು ಅವರೇ. ಅಲ್ಲಿ ಮಧ್ಯಾಹ್ನ ಮಕ್ಕಳು ಕಾದ ಬಾಣಲೆಯ ಮೇಲಿನ ಸಾಸಿವೆಯಂತೆ ಸಿಡಿಯುತ್ತಿದ್ದರು. ಈಗ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ, ಹಿತ್ತಿಲಿಗೂ ಹಾಕಿಸುತ್ತೇವೆ ಎಂದು ಘೋಷಿಸಿದರು. ಅವರ ಭಾಮೈದನಿಗೆ ಟೈಲ್ಸ್ ಅಂಗಡಿ ಇತ್ತು. ಅದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ ಎಂದು, ಯಾರೂ ಕೇಳದಿದ್ದರೂ, ಅಧ್ಯಕ್ಷರೇ ಮೂರು ಸಲ ಹೇಳಿದರು.

ಸಾಲಿನ ಮಧ್ಯದಿಂದ ಪ್ರಶ್ನೆ ಕೈ ಎತ್ತಿದಳು. "ಅಲ್ಲಿ ಪ್ರಾಣಿಗಳಿದಾವಲ್ಲ ಸಾರ್, ಅವು ಎಲ್ಲಿಗೆ ಹೋಗ್ಬೇಕು?"

"ಯಾವ ಪ್ರಾಣಿ ಮರಿ? ಆನೆಯಾ?" ಎಲ್ಲರೂ ನಕ್ಕರು. ನಗು ಬಿದ್ದ ಖುಷಿಗೆ ಅಧ್ಯಕ್ಷರ ನಾಲಗೆ ಒಂದು ಹೆಜ್ಜೆ ಮುಂದೆ ಹೋಯಿತು. "ಎರಡು ವಾರ ಟೈಮ್ ಕೊಡ್ತೀನಿ. ಕಾಗೆ ಬೆಕ್ಕು ನಾಯಿ ಇರುವೆ ಬಿಟ್ಟು ಹತ್ತು ಜೀವಿ ತೋರಿಸ್ರಿ. ತೋರಿಸಿದ್ರೆ ಒಂದು ಟೈಲ್ಸೂ ಹಾಕಲ್ಲ. ಇಲ್ಲದಿದ್ರೆ ಬಾಯಿ ಮುಚ್ಕೊಂಡು ಪಾಠ ಓದ್ಬೇಕು."

ಕಂಬದ ಮರೆಯಲ್ಲಿ ಪೊರಕೆ ಹಿಡಿದು ನಿಂತಿದ್ದ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. ವರ್ಷದ ಕೊನೆಗೆ ಅವಳ ನಿವೃತ್ತಿ. ಹೋಗುವವಳಿಗೆ ನೆಲ ಮಣ್ಣಾದರೇನು, ಟೈಲ್ಸಾದರೇನು? ಆದರೆ ಟೈಲ್ಸಿನ ಮೇಲೆ ಪೊರಕೆ ಗೆರೆ ಮೂಡುವುದಿಲ್ಲ, ಹೆಜ್ಜೆಯೂ ಮೂಡುವುದಿಲ್ಲ. ಮೂವತ್ತೊಂದು ವರ್ಷ ಓದಿದ ನೆಲಕ್ಕೆ ಯಾರೋ ಮುಚ್ಚಳ ಹಾಕುತ್ತಾರೆಂದರೆ, ಗಂಡ ಬಿಟ್ಟುಹೋದಾಗಲೂ ಇಷ್ಟು ಹೊಟ್ಟೆ ಉರಿದಿರಲಿಲ್ಲ.

ಮಕ್ಕಳು ನೋಟ್‌ಬುಕ್ ಹಿಡಿದು ಹಿತ್ತಿಲಿಗೆ ಇಳಿದರು. ಬೆಳಿಗ್ಗೆ ಹನ್ನೊಂದಕ್ಕೆ ಇಪ್ಪತ್ತಾರು ಮಕ್ಕಳು ಕೂಗಾಡಿಕೊಂಡು ಬಂದರೆ ಯಾವ ಪ್ರಾಣಿ ತಾನೇ ಎದುರಿಗೆ ಬಂದು ಹಾಜರಿ ಹೇಳುತ್ತದೆ? ಹತ್ತು ದಿನಕ್ಕೆ ಸಿಕ್ಕಿದ್ದು ನಾಲ್ಕು: ಅಳಿಲು, ಗುಬ್ಬಚ್ಚಿ, ಓತಿಕ್ಯಾತ, ಒಂದು ಕೊಂಬಿನ ಜೀರುಂಡೆ. ಉಳಿದದ್ದು ನಾಲ್ಕೇ ದಿನ.

ಹನ್ನೊಂದನೇ ದಿನ ಬೆಳಿಗ್ಗೆ ಅಜ್ಜಿ ಟೀ ಲೋಟ ಹಿಡಿದು ಹೊರಗೆ ಬಂದವಳು ಹಾಗೇ ನಿಂತಳು. ಗೋಡೆಯಿಂದ ತೊಟ್ಟಿಯವರೆಗೆ ಒಂದು ಸಾಲು ಹೆಜ್ಜೆ. ದೊಡ್ಡ ಪಂಜ, ನಾಲ್ಕು ಬೆರಳು, ಚೂಪು ಉಗುರು. ಅವಳು ಬಗ್ಗಿ ನೋಡಿದಳು. ಮೂಸಿ ನೋಡಿದಳು. ಆಮೇಲೆ ಟೀ ಪೂರ್ತಿ ಕುಡಿದು, ಆ ದಿನ ಅಷ್ಟು ಜಾಗ ಗುಡಿಸದೆ ಬಿಟ್ಟಳು.

ಬೆಲ್ ಆಗುವ ಮುಂಚೆಯೇ ಒಂಬತ್ತನೇ ತರಗತಿ ಓಡಿ ಬಂತು. "ಅಜ್ಜಿ! ಕಾಡುಬೆಕ್ಕು! ಕಾಡುಬೆಕ್ಕಿನ ಹೆಜ್ಜೆ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ಕೊಕ್ಕರೆ.

"ಹೌದಾ? ನಾನೂ ಅದನ್ನೇ ಯೋಚಿಸ್ತಿದ್ದೆ ಕಣೋ," ಎಂದಳು ಅಜ್ಜಿ. "ಪಾಪದ ಪ್ರಾಣಿ. ಅದಕ್ಕೆ ನಾಲ್ಕೂ ಎಡಗಾಲು."

ಮಕ್ಕಳೂ ಬಗ್ಗಿ ನೋಡಿದರು.

"ಇಲ್ನೋಡು, ಹೆಬ್ಬೆರಳು ಎಲ್ಲದರಲ್ಲೂ ಒಂದೇ ಕಡೆ. ಮುಂದಿನ ಕಾಲು ಅಷ್ಟೇ ದೊಡ್ಡದು, ಹಿಂದಿನದೂ ಅಷ್ಟೇ. ಹುಟ್ಟಿದಾಗಿಂದ ಹೇಗೆ ನಡೀತೋ! ಇನ್ನೊಂದು ಕಥೆ ಕೇಳು. ಅದರ ಜೊತೇಲೇ ಇನ್ನೊಂದು ಪ್ರಾಣಿ ಬಗ್ಗಿಕೊಂಡು ಬಂದಿದೆ. ಕಾಲು ಉದ್ದ. ಗೋಡೆ ಹಾರಿ ಬಂದಿದೆ, ಇಲ್ಲಿ ಕುಕ್ಕರಿಸಿದೆ. ಎಡಗಾಲಿನ ಶೂ ಲೇಸು ಬಿಚ್ಚಿದೆ, ಮಣ್ಣಲ್ಲಿ ಎಳಕೊಂಡು ಹೋಗಿದೆ."

ಇಪ್ಪತ್ತಾರು ಜೊತೆ ಕಣ್ಣು ಕೊಕ್ಕರೆಯ ಎಡಗಾಲಿಗೆ ಹೋದವು. ಲೇಸು ಬಿಚ್ಚಿತ್ತು.

"ಆಲೂಗೆಡ್ಡೆ ಎಲ್ಲಿ?" ಎಂದಳು ಅಜ್ಜಿ.

ಅವನ ಚೀಲದಿಂದ ಅರ್ಧ ಆಲೂಗೆಡ್ಡೆ ಹೊರಬಂತು, ಪಂಜ ಕೆತ್ತಿದ್ದು, ಅಂಚು ಕಪ್ಪಾಗಿತ್ತು. ಯೋಜನೆ ಇಡೀ ತರಗತಿಯದಲ್ಲ, ಅವನದು ಮತ್ತು ಪ್ರಶ್ನೆಯದು. ಪ್ರಶ್ನೆ ಮೊದಲ ಸಲ ಯಾವ ಪ್ರಶ್ನೆಯೂ ಇಲ್ಲದೆ ನಿಂತಿದ್ದಳು. ಕನ್ನಡಕದೊಳಗೆ ನೀರು ತುಂಬಿತ್ತು.

"ನನಗೆ ಸುಳ್ಳು ಹೇಳಿದ್ರೆ ಪರವಾಗಿಲ್ಲ ಕಣೇ," ಎಂದಳು ಅಜ್ಜಿ. "ನನ್ನ ನೆಲದ ಮೇಲೆ ಸುಳ್ಳು ಬರೆದ್ರೆ ಹೇಗೆ? ನಿಜವಾದ್ದು ಬರೆಯೋಕೆ ಅಷ್ಟು ಜನ ಇದಾರೆ. ನಾಳೆ ಆರೂವರೆಗೆ ಬನ್ನಿ, ಇಬ್ಬರೇ. ಗೇಟಿಂದ ಬನ್ನಿ, ಗೋಡೆಯಿಂದಲ್ಲ. ಬಾಯಿ ಮನೇಲಿ ಬಿಟ್ಟು ಬನ್ನಿ."

ಮಾರನೇ ಬೆಳಿಗ್ಗೆ ಅವಳು ಮೊದಲ ಬಾರಿಗೆ ಬೇರೆಯವರಿಗಾಗಿ ಗಟ್ಟಿಯಾಗಿ ನೆಲ ಓದಿದಳು. ಈ ಚುಕ್ಕೆ ಚುಕ್ಕೆ ಇಲಿ. ಈ ಸೊಟ್ಟ ಗೆರೆ ಕೇರೆಹಾವು, ಹೊಟ್ಟೆ ತುಂಬಿದೆ, ಅದಕ್ಕೇ ನಿಧಾನ. ಹೊಲಿಗೆ ಹಾಕಿದಂತೆ ಹೋಗಿರುವುದು ಸಹಸ್ರಪದಿ. ಇಲ್ಲಿ ಮುಂಗುಸಿ ನಿಂತು ನೋಡಿದೆ. "ಇದು ನೋಡಿ," ಎಂದು ಕೂತಳು. ಇಲಿಯ ಹೆಜ್ಜೆಗಳು ಹಿತ್ತಿಲಿನ ನಡುವಿನವರೆಗೆ ಬಂದು ನಿಂತುಹೋಗಿದ್ದವು. ಎರಡು ಪಕ್ಕದಲ್ಲೂ ಮಣ್ಣಿನ ಮೇಲೆ ಬೀಸಣಿಗೆ ಒತ್ತಿದಂಥ ಗುರುತು. "ಗೂಬೆ. ಇವನ ಕಥೆ ಇಲ್ಲಿಗೆ ಮುಗೀತು."

ಪ್ರಶ್ನೆಗೆ ಬಾಯಿ ಮರಳಿ ಬಂತು. "ಮೂವತ್ತೊಂದು ವರ್ಷದಿಂದ ದಿನಾ ಓದ್ತಿದೀರಾ ಅಜ್ಜಿ?"

"ಹೂಂ."

"ಓದಿ?"

"ಗುಡಿಸ್ತೀನಿ."

"ಯಾರಿಗೂ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು?"

ಹುಡುಗಿ ಬರೆಯುತ್ತಾ ಹೋದಳು. ಮೊದಲು ಏನೇನು ಬರುತ್ತಿತ್ತು, ಈಗ ಏನು ಬರುತ್ತಿಲ್ಲ ಎಂದು ಕೇಳಿದಳು. ಅಜ್ಜಿ ಉತ್ತರ ಹೇಳಲು ಹೊರಟು ತಡವರಿಸಿದಳು. ಕೋಣೆಗೆ ಬಂದ ಹೊಸತರಲ್ಲಿ ಬಸವನಹುಳುಗಳಿದ್ದವು. ಬೆಳಿಗ್ಗೆ ನೆಲದ ತುಂಬ ಬೆಳ್ಳಿ ಗೆರೆ. ಅಳಿಸಲು ಪೊರಕೆಯನ್ನು ಒತ್ತಿ ಎಳೆಯಬೇಕಿತ್ತು. ಆ ಗೆರೆ ಕೊನೆಯ ಸಲ ಕಂಡದ್ದು ಯಾವಾಗ? ನೆನಪಾಗಲಿಲ್ಲ. ಎಲೆಯ ಕೆಳಗೆ ಇರುತ್ತಿದ್ದವು ಅವು. ಎಲೆಗೆ ಬೆಂಕಿ ಹಚ್ಚುತ್ತಿದ್ದವಳು ಯಾರೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವಳು ಸೀರೆಯ ಗಂಟಿನಿಂದ ಬೆಂಕಿಪೊಟ್ಟಣ ಬಿಚ್ಚಿ ಹುಡುಗಿಯ ಕೈಗೆ ಹಾಕಿದಳು. "ಇಟ್ಕೋ. ಸ್ಟೌಗೆ ಬೇಕಾದಾಗ ಒಂದೊಂದು ಕಡ್ಡಿ ಕೇಳಿ ಇಸ್ಕೊಳ್ತೀನಿ." ಆ ಸಂಜೆ ಹೊಗೆ ಏಳಲಿಲ್ಲ. ದರ್ಜಿ ಅಕ್ಕ ಗೋಡೆಯ ಮೇಲಿಂದ ಇಣುಕಿ, "ಮೈಗೆ ಹುಷಾರಿಲ್ವೇನಕ್ಕಾ?" ಎಂದು ವಿಚಾರಿಸಿದಳು.

ಲೆಕ್ಕ ಒಂಬತ್ತಾಯಿತು. ಒಂದು ಕಮ್ಮಿ. ಆ ಒಂದು ಎಲ್ಲಿದೆ ಎಂದು ಅಜ್ಜಿಗೆ ಗೊತ್ತಿತ್ತು. ಹೇಳಲು ಮಾತ್ರ ಸಂಕೋಚ. ತೊಟ್ಟಿಯ ಹಿಂದಿನ ಎಲೆ ಗುಡ್ಡೆಯಲ್ಲಿ ಎರಡು ವಾರದಿಂದ ಒಂದು ನೆಲಗಪ್ಪೆ ಸಂಸಾರ ಹೂಡಿತ್ತು. ಎಲೆಯ ತಂಪು, ತೊಟ್ಟಿಯ ಸೋರಿಕೆ, ಮತ್ತು ಮೂಗಿನ ತುದಿಗೇ ದಿನಾ ಸಾಲುಗಟ್ಟಿ ಬರುವ ಊಟ. ಬಿಸ್ಕತ್ತಿನ ಪುಡಿಗೆ ಇರುವೆ, ಇರುವೆಗೆ ಕಪ್ಪೆ. ಅದರ ಹೆಜ್ಜೆ ತೋರಿಸಲು ಹೋದರೆ ಹೆಡ್‌ಮಾಸ್ತರ ಶೂ ಗುರುತು ತೋರಿಸದೆ ವಿಧಿಯಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವಳು ಒಂದು ಇಡೀ ಸಂಜೆ ಯೋಚಿಸಿದಳು.

ಗಡುವಿನ ದಿನ ಬೆಳಿಗ್ಗೆ ಅಧ್ಯಕ್ಷರು ಭಾಮೈದನನ್ನೂ ಅವನ ಅಳತೆಯ ಟೇಪನ್ನೂ ಕರೆದುಕೊಂಡೇ ಬಂದರು. ಹೆಡ್‌ಮಾಸ್ತರು, ಟೀಚರುಗಳು, ಮಕ್ಕಳು ಗೋಡೆಯುದ್ದಕ್ಕೂ ನಿಂತರು. ಗುಡಿಸದ ನೆಲದ ಅಂಚಿನಲ್ಲಿ ಅಜ್ಜಿ ಪೊರಕೆಯನ್ನು ಕೋಲಿನಂತೆ ಹಿಡಿದು ತೋರಿಸಿದಳು, ಪ್ರಶ್ನೆ ವಿವರಿಸಿದಳು, ಕೊಕ್ಕರೆ ಫೋಟೋ ಹಿಡಿದ. ಗೂಬೆ ಇಲಿಯನ್ನು ಎತ್ತಿದ ಜಾಗಕ್ಕೆ ಬಂದಾಗ ಅಧ್ಯಕ್ಷರು ತಮಗೇ ಗೊತ್ತಿಲ್ಲದೆ ಮಂಡಿಯೂರಿ ಕೂತಿದ್ದರು. ಎದ್ದು, ಮಂಡಿಯ ಮಣ್ಣು ಕೊಡವಿ, "ಒಂಬತ್ತಾಯ್ತು. ನಾನು ಹೇಳಿದ್ದು ಹತ್ತು," ಎಂದರು.

"ಹತ್ತನೇದು ತೊಟ್ಟಿ ಹಿಂದೆ ಇದೆ ಸಾರ್," ಎಂದಳು ಅಜ್ಜಿ.

ಹೆಡ್‌ಮಾಸ್ತರ ಮುಖ ಸುಣ್ಣ ಬಳಿದ ಗೋಡೆಯಾಯಿತು. ಗಣಿತದ ಟೀಚರ್ ಪಕ್ಕದಲ್ಲೇ ಇದ್ದರು. "ಅಲ್ಲಿ... ಅಲ್ಲಿ ಕೆಸರಿದೆ, ಯಾರೂ ಹೋಗೋದು ಬೇಡ," ಎನ್ನುವಷ್ಟರಲ್ಲಿ ಮೆರವಣಿಗೆ ಹೊರಟೇಬಿಟ್ಟಿತು. ಅವರು ಗಲ್ಲಿಗೆ ಹೋಗುವವರಂತೆ ಹಿಂದೆ ನಡೆದರು.

ತೊಟ್ಟಿಯ ಹಿಂದೆ ಶೂ ಗುರುತು ಇರಲಿಲ್ಲ. ಯಾರೋ ಅಷ್ಟನ್ನು ಮಾತ್ರ ನಾಜೂಕಾಗಿ, ಚಿತ್ರ ತಿದ್ದುವವರಂತೆ, ಪೊರಕೆಯ ತುದಿಯಿಂದ ಗುಡಿಸಿದ್ದರು. ಉಳಿದದ್ದು ಕಪ್ಪೆಯ ಹೆಜ್ಜೆ: ಮುಂದೆ ಎರಡು ಚಿಕ್ಕದು, ಹಿಂದೆ ಎರಡು ದೊಡ್ಡದು, ನಡುವೆ ಹೊಟ್ಟೆ ಊರಿದ ಗುರುತು. ಕೊಕ್ಕರೆ ಎಲೆ ಸರಿಸಿದ. ಒಳಗಿಂದ ಆ ದಪ್ಪ ಸಂಸಾರಸ್ಥ ಕಪ್ಪೆ, ನಿದ್ದೆ ಕೆಡಿಸಿದವರನ್ನು ನೋಡುವಂತೆ ಅಧ್ಯಕ್ಷರನ್ನು ನೋಡಿತು.

ಹೆಡ್‌ಮಾಸ್ತರು ಉಸಿರು ಬಿಟ್ಟರು. ಬಿಡುವಾಗ ಕಣ್ಣು ನೆಲದ ಮೇಲೆ ಹೋಯಿತು. ತೊಟ್ಟಿಯ ಬುಡದಲ್ಲಿ ಒಂದೇ ಒಂದು ಅರ್ಧ ಹಿಮ್ಮಡಿ ಉಳಿದಿತ್ತು, ಅವರ ಶೂವಿನ ಸವೆದ ಅಂಚು ಅವರಿಗೆ ಮಾತ್ರ ಗುರುತು ಸಿಗುವಷ್ಟು. ಅವರು ತಲೆಯೆತ್ತಿದರೆ ಅಜ್ಜಿ ಆಕಾಶ ನೋಡುತ್ತಿದ್ದಳು.

"ಹತ್ತಾಯ್ತು ನಿಜ," ಎಂದರು ಅಧ್ಯಕ್ಷರು, ಭಾಮೈದನ ಮುಖ ನೋಡುತ್ತ. "ಆದ್ರೂ ಒಂದು ಕಪ್ಪೆಗೋಸ್ಕರ..."

"ಅಧ್ಯಕ್ಷರೇ!" ಎಂದರು ಹೆಡ್‌ಮಾಸ್ತರು. ಅಂಥ ದನಿ ಅವರಲ್ಲಿ ಇದೆಯೆಂದು ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಹತ್ತು ನಿಮಿಷ ಅವರು ಎಲೆ, ಇರುವೆ, ಕಪ್ಪೆ, ಹಾವು ಒಂದಕ್ಕೊಂದು ಹೇಗೆ ಕೈ ಹಿಡಿದುಕೊಂಡಿವೆ, ಮುಂದಿನ ಅಂಗಳ ಮಧ್ಯಾಹ್ನ ಹೇಗೆ ಬೇಯುತ್ತದೆ, ಮಕ್ಕಳ ಮುಂದೆ ಕೊಟ್ಟ ಮಾತು ಎಂದರೇನು ಎಂದು ನಿಲ್ಲದೆ ಹೇಳಿದರು. ಮಧ್ಯೆ ಪ್ರಶ್ನೆ ಥರ್ಮಾಮೀಟರ್ ತಂದು, ಮಧ್ಯಾಹ್ನ ಮುಂದಿನ ಅಂಗಳದಲ್ಲೂ ಹಿತ್ತಿಲಲ್ಲೂ ಅಳೆದು ಬರೆದಿಟ್ಟಿದ್ದ ಬಿಸಿಯ ಲೆಕ್ಕವನ್ನು ಅಧ್ಯಕ್ಷರಿಗೆ ತೋರಿಸಿದಳು. ಅವರು ಅದನ್ನು ನಂಬಲಿಲ್ಲ. "ಹಾಗಾದ್ರೆ ಮಧ್ಯಾಹ್ನದವರೆಗೂ ಇದ್ದು, ಶೂ ಬಿಚ್ಚಿ ಮುಂದಿನ ಅಂಗಳದಲ್ಲಿ ನಿಲ್ತೀರಾ ಸಾರ್?" ಎಂದು ಕೇಳಿದಳು. ಅವರು ನಿಂತರು. ನಾಲ್ಕು ಎಣಿಸುವಷ್ಟು ಹೊತ್ತು. ಆ ವಯಸ್ಸಿನ ಮನುಷ್ಯ ಅಷ್ಟು ಎತ್ತರ ನೆಗೆದದ್ದನ್ನು ಶಾಲೆ ಈಗಲೂ ನೆನಪಿಟ್ಟುಕೊಂಡಿದೆ. ಭಾಮೈದ ಟೇಪು ಸುತ್ತಿಕೊಂಡು ಹೋದ.

ವರ್ಷದ ಉಳಿದ ದಿನಗಳಲ್ಲಿ ನೆಲ ಓದುವುದು ಪಾಠವಾಯಿತು. ದಿನಕ್ಕಿಬ್ಬರ ಸರದಿ. ಬೆಳಿಗ್ಗೆ ಓದಿ, ಬರೆದುಕೊಂಡು, ಆಮೇಲೆ ಗುಡಿಸುವುದು. ಅರ್ಧ ಹಿತ್ತಿಲನ್ನು ಹುಲ್ಲಿಗೂ ಗಿಡಕ್ಕೂ ಬಿಟ್ಟರು. ಅಜ್ಜಿ ಅದನ್ನು ಕಂಡಾಗೆಲ್ಲ, ಎಣ್ಣೆ ಕಾಣದ ತಲೆ ಎಂದು ಗೊಣಗಿದಳು, ಆದರೆ ಮುಟ್ಟಲಿಲ್ಲ. ಹೆಡ್‌ಮಾಸ್ತರು ಬಿಸ್ಕತ್ತು ಬಿಟ್ಟರೆಂದು ಹೇಳಲಾರೆ. ಈಗ ಕಪ್ಪೆಗೆ ಸಹಾಯವಾಗಲೆಂದು ತಿನ್ನುತ್ತಿದ್ದರು.

ಪರೀಕ್ಷೆ ಮುಗಿದ ವಾರ ಅವಳ ಕೆಲಸವೂ ಮುಗಿಯಿತು. ಕೋಣೆ ಹೊಸಬಳಿಗೆ ಬೇಕಿತ್ತು. ಅಜ್ಜಿ ತಂಗಿಯ ಮನೆಗೆ ಹೊರಟಳು. "ಅಲ್ಲಿ ಅಂಗಳ ಇದೆಯಾ?" ಎಂದು ಪ್ರಶ್ನೆ ಕೇಳಿದ್ದಳು. "ಮೂರನೇ ಮಹಡಿ ಕಣೇ. ಪಾರಿವಾಳ ಬರುತ್ತಂತೆ. ತಂಗಿ ಬೈತಾಳಂತೆ. ನೋಡೋಣ, ಯಾರು ಗೆಲ್ತಾರೆ," ಎಂದಿದ್ದಳು ಅಜ್ಜಿ.

ಕೊನೆಯ ಬೆಳಿಗ್ಗೆ ಮಕ್ಕಳ ಸರದಿಗೆ ಇನ್ನೂ ಒಂದು ಗಂಟೆ ಇತ್ತು. ಕೀಲಿಯನ್ನೂ ಟ್ರಂಕನ್ನೂ ದರ್ಜಿ ಅಕ್ಕನಿಗೆ ಹಿಂದಿನ ದಿನವೇ ಒಪ್ಪಿಸಿದ್ದಳು. ಗೇಟಿನಿಂದ ಶುರು ಮಾಡಿ ಹಿಂದು ಹಿಂದಕ್ಕೆ ಗುಡಿಸುತ್ತ ಬಂದಳು. ತೊಟ್ಟಿಯ ಹತ್ತಿರ ಪೊರಕೆ ತಾನಾಗಿ ನಿಂತಿತು. ಎಲೆಯ ಗುಡ್ಡೆಯಿಂದ ಒಂದು ಗೇಣು ಆಚೆಗೆ, ದಾರದಷ್ಟು ತೆಳುವಾಗಿ, ಒಂದು ಬೆಳ್ಳಿ ಗೆರೆ. ಅವಳು ತುಂಬ ಹೊತ್ತು ಬಗ್ಗಿ ನೋಡಿದಳು. ಆಮೇಲೆ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ತನಗೋಸ್ಕರವೇ, ಒಂದು ಗುರುತನ್ನು ಸುತ್ತು ಬಳಸಿ ಗುಡಿಸಿದಳು.

ಬಾಗಿಲಿಗೆ ಬಂದು ಪೊರಕೆಯನ್ನು ಒಳಗೆ ಮೇಲಿನ ಮೊಳೆಗೆ ನೇತು ಹಾಕಿದಳು. ಬಟ್ಟೆಯ ಗಂಟನ್ನು ಕಂಕುಳಿಗೆ ಸಿಕ್ಕಿಸಿ ಹೊಸಿಲಲ್ಲಿ ನಿಂತಳು. ಎದುರಿಗೆ ಗೆರೆ ಗೆರೆಯ ನೆಲ, ಅದರಾಚೆ ಗೇಟು. ಕೈಯಲ್ಲಿ ಪೊರಕೆಯಿಲ್ಲದೆ ಈ ನೆಲವನ್ನು ಅವಳು ಯಾವತ್ತೂ ದಾಟಿರಲಿಲ್ಲ.

ಗಂಟಿನೊಳಗೆ ಕೈ ಹಾಕಿ ಅರ್ಧ ಆಲೂಗೆಡ್ಡೆ ತೆಗೆದಳು. ಬೆಳಗಿನ ಜಾವವೇ ಎದ್ದು ಕೆತ್ತಿದ್ದು. ನಾಲ್ಕು ಬೆರಳು, ಚೂಪು ಉಗುರು, ಹೆಬ್ಬೆರಳು ಒಂದು ಕಡೆ.

ನಡೆದಳು. ಒಂದು ಹೆಜ್ಜೆ ತನ್ನದು, ಬಗ್ಗಿ ಒಂದು ಪಂಜ. ಮತ್ತೊಂದು ತನ್ನದು, ಮತ್ತೊಂದು ಪಂಜ. ಸೊಂಟ ಹಿಡಿದುಕೊಂಡಿತು, ನಡುವೆ ನಿಂತು, ತನ್ನ ಪಾಡಿಗೆ ತಾನೇ ನಕ್ಕು, ಮತ್ತೆ ಬಗ್ಗಿದಳು. ಗೇಟು ಮುಟ್ಟುವಾಗ ನೆಲದ ಮೇಲೆ ಸ್ಪಷ್ಟವಾಗಿ ಬರೆದಿತ್ತು: ಎಡಗಾಲು ಕೊಂಚ ಎಳೆಯುವ ಒಬ್ಬ ಹೆಂಗಸು ಹೊರಗೆ ಹೋಗಿದ್ದಾಳೆ, ಜೊತೆಗೆ ನಾಲ್ಕೂ ಎಡಗಾಲಿನ ಪ್ರಾಣಿಯೊಂದು ಅವಳನ್ನು ಕಳಿಸಿಕೊಡಲು ಬಂದಿದೆ.

ಅವಳು ಆಲೂಗೆಡ್ಡೆಯನ್ನು ಗೊಬ್ಬರದ ಗುಂಡಿಗೆ ಎಸೆದಳು, ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು, ಸದ್ದಾಗದಂತೆ ಗೇಟು ಎಳೆದುಕೊಂಡು ಬಸ್‌ಸ್ಟಾಪಿನ ಕಡೆ ಹೊರಟಳು.